ಎಂಎ ಇಂಗ್ಲಿಷ್ ಮಾಡಬೇಕೆಂದಿದ್ದೀರಾ? ಧಾರವಾಡ, ಗದಗ, ಹಾವೇರಿ ಕಡೆಯವರಿಗೆ ಒಂದು ಮಾರ್ಗದರ್ಶಿ

ಬಿಎ ಕೊನೆಯ ಸೆಮಿಸ್ಟರ್ ಹತ್ತಿರ ಬಂದಾಗ ನಮ್ಮ ಕಡೆಯ ಹುಡುಗ ಹುಡುಗಿಯರು ಕೇಳುವುದು ಒಂದೇ ಪ್ರಶ್ನೆ: ‘ಸರ, ಎಂಎ ಇಂಗ್ಲಿಷ್ ಮಾಡಿದ್ರ ನೌಕರಿ ಸಿಗತೈತೇನ್ರಿ?’ ಎಂಎ ಒಂದರಿಂದಲೇ ಸಿಗುವುದಿಲ್ಲ. ಅದರ ಜೊತೆಗೆ ಇನ್ನೇನು ಮಾಡಿದಿರಿ ಅನ್ನುವುದರ ಮೇಲೆ ಸಿಗುತ್ತದೆ. ಆ ‘ಇನ್ನೇನು’ ಯಾವುದು, ಅದನ್ನು ಯಾವಾಗ ಮಾಡಬೇಕು ಅಂತ ಇಲ್ಲಿ ಬರೆದಿದ್ದೇನೆ.

ಎಂಎ ಇಂಗ್ಲಿಷ್ ಅಂದರೆ ನಮ್ಮ ವಿಶ್ವವಿದ್ಯಾಲಯಗಳಲ್ಲಿ ಬಹುಪಾಲು ಸಾಹಿತ್ಯ. ಚಾಸರ್, ಷೇಕ್ಸ್‌ಪಿಯರ್, ರೊಮ್ಯಾಂಟಿಕ್ ಕವಿಗಳು, ವಿಮರ್ಶೆ, ಭಾರತೀಯ ಇಂಗ್ಲಿಷ್ ಬರಹ ಹೀಗೆ ಸಾಗುತ್ತದೆ. ಭಾಷೆಗೆ ಸಿಗುವುದು ಒಂದೋ ಎರಡೋ ಪೇಪರ್. ಆದರೆ ಕ್ಲಾಸಿನಲ್ಲಿ ನಿಂತು ಕಲಿಸುವವರಿಗೂ, ಪ್ರಕಾಶನದಲ್ಲಿ ಕೂತು ಹಸ್ತಪ್ರತಿ ತಿದ್ದುವವರಿಗೂ ದಿನಾ ಬೇಕಾಗುವುದು ಭಾಷೆಯೇ. ನೋಡಿದರೆ ಇಬ್ಬರ ಕೆಲಸವೂ ಹೆಚ್ಚುಕಡಿಮೆ ಒಂದೇ. ಒಂದು ವಾಕ್ಯ ಎಲ್ಲಿ ಎಡವಿದೆ ಅಂತ ಕಂಡುಹಿಡಿಯಬೇಕು, ಯಾಕೆ ಎಡವಿದೆ ಅಂತ ಬಿಡಿಸಿ ಹೇಳಬೇಕು. ಇದನ್ನು ಎಂಎ ತರಗತಿ ತಾನಾಗಿ ಕಲಿಸುವುದಿಲ್ಲ. ನೀವೇ ಕಲಿತುಕೊಳ್ಳಬೇಕು.

ಯಾವ ಕೆಲಸ ಬೇಕು ಅಂತ ಮೊದಲು ಗೊತ್ತು ಮಾಡಿಕೊಳ್ಳಿ

ಹೆಚ್ಚಿನವರು ಮೊದಲು ಎಂಎ ಸೇರುತ್ತಾರೆ, ಆಮೇಲೆ ಕೆಲಸದ ಬಗ್ಗೆ ಯೋಚಿಸುತ್ತಾರೆ. ಇದು ಉಲ್ಟಾ. ಕೆಲಸದಿಂದ ಹಿಂದಕ್ಕೆ ಲೆಕ್ಕ ಹಾಕಬೇಕು, ಯಾಕೆಂದರೆ ಒಂದೊಂದು ಕೆಲಸ ಕೇಳುವ ಕಾಗದ ಬೇರೆ.

ಶಾಲೆಯಲ್ಲಿ ಕಲಿಸಬೇಕೆಂದರೆ ಎಂಎ ಬೇಕೇ ಬೇಕು ಅಂತಿಲ್ಲ. ಆರರಿಂದ ಎಂಟನೇ ತರಗತಿಗೆ ಪದವಿ, ಬಿಎಡ್, ಟಿಇಟಿ (ಶಿಕ್ಷಕರ ಅರ್ಹತಾ ಪರೀಕ್ಷೆ). ಸರ್ಕಾರಿ ಹೈಸ್ಕೂಲಿಗೆ ಇಂಗ್ಲಿಷ್ ಓದಿದ ಪದವಿ ಮತ್ತು ಬಿಎಡ್. ಬಿಎಡ್ ಈಗ ಎರಡು ವರ್ಷದ ಕೋರ್ಸ್. ಮನೆಯಲ್ಲಿ ದುಡಿಮೆಯ ಅವಸರ ಇದ್ದವರು ಬಿಎ ಆದ ಕೂಡಲೇ ಬಿಎಡ್ ಮಾಡಿ ಕೆಲಸ ಹಿಡಿದು, ಎಂಎಯನ್ನು ದೂರಶಿಕ್ಷಣದಲ್ಲಿ ಆಮೇಲೆ ಮಾಡಿಕೊಂಡರೆ ನಷ್ಟವಿಲ್ಲ. ಅದನ್ನು ಕಡಿಮೆ ಅಂತ ಯಾರೂ ತಿಳಿಯಬೇಕಿಲ್ಲ.

ಪಿಯು ಕಾಲೇಜಿನ ಲೆಕ್ಕ ಬೇರೆ. ಸರ್ಕಾರಿ ಪಿಯು ಉಪನ್ಯಾಸಕ ಹುದ್ದೆಗೆ ಎಂಎ ಜೊತೆಗೆ ಬಿಎಡ್ ಕೂಡ ಕೇಳುತ್ತಾರೆ. ಎಂಎಯಲ್ಲಿ ರ‍್ಯಾಂಕ್ ಬಂದವರೂ ಬಿಎಡ್ ಇಲ್ಲದೆ ಅರ್ಜಿ ಹಾಕಲಾಗದೆ ಕೂತದ್ದುಂಟು. ಪಿಯು ನಿಮ್ಮ ಗುರಿಯಾಗಿದ್ದರೆ ಎಂಎ ಮತ್ತು ಬಿಎಡ್ ಸೇರಿ ನಾಲ್ಕು ವರ್ಷ ಅಂತ ಇವತ್ತೇ ಮನೆಯವರಿಗೆ ಹೇಳಿಬಿಡಿ.

ಡಿಗ್ರಿ ಕಾಲೇಜಿಗೆ ಬಿಎಡ್ ಬೇಡ. ಎಂಎಯಲ್ಲಿ ಶೇ 55 ಅಂಕ (ಮೀಸಲಾತಿ ಇದ್ದವರಿಗೆ ಶೇ 50), ಅದರ ಮೇಲೆ ನೆಟ್ (ಕಾಲೇಜು ಅಧ್ಯಾಪಕರಾಗಲು ಬರೆಯುವ ರಾಷ್ಟ್ರೀಯ ಅರ್ಹತಾ ಪರೀಕ್ಷೆ) ಅಥವಾ ಕೆಸೆಟ್ (ಅದೇ ಥರದ ಕರ್ನಾಟಕದ ಪರೀಕ್ಷೆ) ಆಗಿರಬೇಕು. ಸಹಾಯಕ ಪ್ರಾಧ್ಯಾಪಕರಾಗಲು ಪಿಎಚ್‌ಡಿ ಕಡ್ಡಾಯ ಅಂತ ನಡುವೆ ದೊಡ್ಡ ಗದ್ದಲವಾಗಿತ್ತು. 2023ರ ಜುಲೈನಲ್ಲಿ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಅದನ್ನು ಸಡಿಲಿಸಿ, ನೆಟ್ ಅಥವಾ ರಾಜ್ಯದ ಸೆಟ್ ಇದ್ದರೆ ಸಾಕು, ಪಿಎಚ್‌ಡಿ ಐಚ್ಛಿಕ ಅಂತ ಮಾಡಿತು.

ಇನ್ನು ಪ್ರಕಾಶನ. ಇಲ್ಲಿ ನಿಮ್ಮ ಸರ್ಟಿಫಿಕೇಟ್ ಯಾರೂ ಜಾಸ್ತಿ ಹೊತ್ತು ನೋಡುವುದಿಲ್ಲ. ಎರಡು ಮೂರು ಪುಟ ಕೊಟ್ಟು ‘ಇದನ್ನು ತಿದ್ದಿ’ ಅನ್ನುತ್ತಾರೆ. ಆ ಪುಟ ಹೇಗೆ ತಿದ್ದಿದಿರಿ ಅನ್ನುವುದರ ಮೇಲೆ ಎಲ್ಲವೂ ನಿಂತಿರುತ್ತದೆ.

ಎಲ್ಲಿ ಓದುವುದು

ಹತ್ತಿರದ್ದು, ಎಲ್ಲರಿಗೂ ಮೊದಲು ನೆನಪಾಗುವುದು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ (ಕವಿವಿ). 1949ರಲ್ಲಿ ಶುರುವಾದದ್ದು. ಎಂಎಗೆ ಎರಡು ವರ್ಷ, ನಾಲ್ಕು ಸೆಮಿಸ್ಟರ್. ಇಲ್ಲಿನ ಇಂಗ್ಲಿಷ್ ವಿಭಾಗಕ್ಕೆ ಒಂದು ವಿಶೇಷ ಪರಂಪರೆ ಇದೆ. ಇಂಗ್ಲಿಷ್ ಪಾಠ ಹೇಳುತ್ತಲೇ ಕನ್ನಡದಲ್ಲಿ ಬರೆದವರ ವಿಭಾಗ ಇದು. ಚಂದ್ರಶೇಖರ ಪಾಟೀಲರು, ಗಿರಡ್ಡಿ ಗೋವಿಂದರಾಜರು ಇಲ್ಲಿಯೇ ಇಂಗ್ಲಿಷ್ ಕಲಿಸಿದರು. ಸಾವಿನವರೆಗೂ ಅವರ ಹೆಸರು ನಿಂತದ್ದು ಕನ್ನಡ ಬರಹದ ಮೇಲೆ. ಇದನ್ನು ಹೆಮ್ಮೆಗೆ ಹೇಳುತ್ತಿಲ್ಲ. ಎರಡೂ ಭಾಷೆ ಗಟ್ಟಿಯಾಗಿದ್ದವರೇ ಇಲ್ಲಿಂದ ಮುಂದೆ ಹೋದದ್ದು, ಅದಕ್ಕೆ ಹೇಳಿದೆ.

ಹಾವೇರಿ ಜಿಲ್ಲೆಯವರು ಕೆರಿಮತ್ತಿಹಳ್ಳಿಯ ಕ್ಯಾಂಪಸ್ಸನ್ನೂ ವಿಚಾರಿಸಿ. ಮೊದಲು ಕವಿವಿಯ ಸ್ನಾತಕೋತ್ತರ ಕೇಂದ್ರವಾಗಿದ್ದದ್ದು ಈಗ ಹಾವೇರಿ ವಿಶ್ವವಿದ್ಯಾಲಯ. ಯಾವ ವರ್ಷ ಯಾವ ವಿಷಯಕ್ಕೆ ಎಷ್ಟು ಸೀಟು ಅನ್ನುವುದನ್ನು ಆ ವರ್ಷದ ಪ್ರಕಟಣೆಯಲ್ಲೇ ನೋಡಬೇಕು. ಪಕ್ಕದ ಮನೆಯವರು ಮೂರು ವರ್ಷದ ಹಿಂದೆ ಸೇರಿದಾಗ ಹೇಗಿತ್ತು ಅನ್ನುವುದು ನಿಮಗೆ ಉಪಯೋಗಕ್ಕೆ ಬರುವುದಿಲ್ಲ.

ಕೆಲಸ ಮಾಡುತ್ತಾ ಓದುವವರಿಗೆ ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ, ಇಗ್ನೊ (ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ) ಇವೆ. ಇಗ್ನೊದ ಎಂಎ ಇಂಗ್ಲಿಷ್‌ನ ಪಾಠದ ಪುಸ್ತಕಗಳು ಚೆನ್ನಾಗಿವೆ. ರೆಗ್ಯುಲರ್ ಓದುವವರೂ ಅವನ್ನು ತರಿಸಿ ಓದುವುದುಂಟು. 2022ರಿಂದ ಒಂದೇ ಹೊತ್ತಿಗೆ ಎರಡು ಪದವಿ ಮಾಡಲು ಯುಜಿಸಿ ಬಿಟ್ಟಿದೆ. ಆದರೆ ಬಿಎಡ್‌ಗೆ ಎನ್‌ಸಿಟಿಇ (ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಮಂಡಳಿ) ನಿಯಮ ಬೇರೆ ಇರುವುದರಿಂದ, ಬಿಎಡ್ ಜೊತೆಗೆ ಇನ್ನೊಂದನ್ನು ಹೊಂದಿಸುವ ಮೊದಲು ಕಾಲೇಜಿನಿಂದ ಲಿಖಿತವಾಗಿ ಕೇಳಿಕೊಳ್ಳಿ. ಬಾಯಿಮಾತು ನಂಬಿ ಕೂರಬೇಡಿ.

ಸಾಹಿತ್ಯಕ್ಕಿಂತ ಭಾಷೆಯೇ ಇಷ್ಟ, ಕಲಿಸುವುದೇ ಇಷ್ಟ ಅನ್ನುವವರು ಹೈದರಾಬಾದಿನ ಇಫ್ಲು (ಇಂಗ್ಲಿಷ್ ಮತ್ತು ವಿದೇಶಿ ಭಾಷೆಗಳ ವಿಶ್ವವಿದ್ಯಾಲಯ) ಕಡೆ ನೋಡಬೇಕು. 1958ರಲ್ಲಿ ಕೇಂದ್ರೀಯ ಇಂಗ್ಲಿಷ್ ಸಂಸ್ಥೆ ಅಂತ ಶುರುವಾಗಿ, ಈಗ ಕೇಂದ್ರೀಯ ವಿಶ್ವವಿದ್ಯಾಲಯವಾಗಿದೆ. ಇಂಗ್ಲಿಷ್ ಕಲಿಸುವುದನ್ನೇ ವಿಷಯವಾಗಿಟ್ಟ ಎಂಎ, ಭಾಷಾವಿಜ್ಞಾನದ ಎಂಎ ಅಲ್ಲಿ ಸಿಗುತ್ತವೆ. ಅಂದಹಾಗೆ ಆ ಸಂಸ್ಥೆಗೆ ಮೊದಮೊದಲ ವರ್ಷಗಳಲ್ಲಿ ನಿರ್ದೇಶಕರಾಗಿದ್ದವರು ನಮ್ಮ ಸವಣೂರಿನ ವಿ.ಕೃ. ಗೋಕಾಕರು. ಈಗಾಗಲೇ ಶಿಕ್ಷಕರಾಗಿದ್ದವರಿಗೆ ಅಲ್ಲಿನ ದೂರಶಿಕ್ಷಣದ ಪಿಜಿಸಿಟಿಇ (ಇಂಗ್ಲಿಷ್ ಬೋಧನೆಯ ಸ್ನಾತಕೋತ್ತರ ಸರ್ಟಿಫಿಕೇಟ್), ಆಮೇಲೆ ಪಿಜಿಡಿಟಿಇ (ಅದರದೇ ಡಿಪ್ಲೊಮಾ) ಒಳ್ಳೆಯವು. ಬೆಂಗಳೂರಿನ ಜ್ಞಾನಭಾರತಿಯಲ್ಲಿ 1963ರಿಂದ ಇರುವ ದಕ್ಷಿಣ ಭಾರತ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಸರ್ಕಾರಿ ಶಾಲೆಯ ಮಾಸ್ತರರಿಗೆ ತಿಂಗಳ ತರಬೇತಿ ಕೊಡುತ್ತದೆ. ಕಲಬುರಗಿಯ ಕೇಂದ್ರೀಯ ವಿಶ್ವವಿದ್ಯಾಲಯಕ್ಕೆ ಹೋಗಬೇಕೆಂದರೆ ಸಿಯುಇಟಿ ಪಿಜಿ ಎಂಬ ಪ್ರವೇಶ ಪರೀಕ್ಷೆ ಬರೆಯಬೇಕು.

ಎಲ್ಲೇ ಸೇರಿ, ಸೇರುವ ಮೊದಲು ಸಿಲೆಬಸ್ ಡೌನ್‌ಲೋಡ್ ಮಾಡಿ ಕೂತು ಓದಿ. ಭಾಷಾವಿಜ್ಞಾನ, ಇಂಗ್ಲಿಷ್ ಬೋಧನೆ, ಅನುವಾದ ಈ ಮೂರರಲ್ಲಿ ಯಾವುವು ಇವೆ, ಯಾವುವು ಐಚ್ಛಿಕ ಅಂತ ಗುರುತು ಹಾಕಿಕೊಳ್ಳಿ. ಐಚ್ಛಿಕ ಪೇಪರ್ ಆರಿಸುವ ದಿನ ‘ಯಾವುದರಾಗ ಮಾರ್ಕ್ಸ್ ಜಾಸ್ತಿ ಬೀಳ್ತಾವು’ ಅಂತ ಸೀನಿಯರ್‌ಗಳನ್ನು ಕೇಳಿ ಆರಿಸುವುದು ನಮ್ಮಲ್ಲಿ ರೂಢಿ. ಆ ಒಂದು ದಿನ ಮಾತ್ರ ಸೀನಿಯರ್‌ಗಳಿಂದ ದೂರ ಇರಿ.

ಸೇರುವ ಮೊದಲಿನ ಬೇಸಿಗೆ

ಫಲಿತಾಂಶ ಬಂದು ಪ್ರವೇಶ ಆಗುವವರೆಗೆ ಎರಡು ಮೂರು ತಿಂಗಳು ಸುಮ್ನೆ ಹೋಗುತ್ತವೆ. ಕನ್ನಡ ಮಾಧ್ಯಮದಲ್ಲಿ ಓದಿ ಬಂದವರಿಗೆ ಈ ತಿಂಗಳುಗಳೇ ಮುಖ್ಯ. ಮೊದಲ ಸೆಮಿಸ್ಟರ್‌ನಲ್ಲಿ ಇಂಗ್ಲಿಷ್ ಮಾಧ್ಯಮದವರು ಪಟಪಟ ಮಾತಾಡುವಾಗ ಹಿಂದಿನ ಬೆಂಚಿಗೆ ಸರಿದವರು ನಾಲ್ಕನೇ ಸೆಮಿಸ್ಟರ್‌ವರೆಗೂ ಅಲ್ಲೇ ಕೂತಿರುತ್ತಾರೆ. ಭಯ ಹೋಗುವುದು ಧೈರ್ಯದ ಭಾಷಣದಿಂದಲ್ಲ, ತಯಾರಿಯಿಂದ.

ದಿನಕ್ಕೆ ಒಂದು ಇಂಗ್ಲಿಷ್ ಪತ್ರಿಕೆಯ ಸಂಪಾದಕೀಯ ಓದಿ. ಓದಿದ್ದನ್ನು ಐದಾರು ವಾಕ್ಯದಲ್ಲಿ ಇಂಗ್ಲಿಷ್‌ನಲ್ಲೇ ಬರೆಯಿರಿ. ಮರುದಿನ ಅದನ್ನು ನೀವೇ ಕೆಂಪು ಪೆನ್ನಿನಲ್ಲಿ ತಿದ್ದಿ. ತಿದ್ದಿದ್ದಕ್ಕೆ ಪಕ್ಕದಲ್ಲಿ ಕಾರಣ ಬರೆಯಿರಿ. ಕಾರಣ ಬರೆಯುವುದೇ ಇಲ್ಲಿ ಕೆಲಸ. ‘ಕೇಳಲು ಸರಿ ಅನಿಸಲಿಲ್ಲ’ ಅಂದರೆ ಸಾಲದು. ಕಾರಣ ಗೊತ್ತಾಗದ ಕಡೆ ಪ್ರಶ್ನೆ ಚಿಹ್ನೆ ಹಾಕಿ ಬಿಡಿ. ಆ ಪ್ರಶ್ನೆ ಚಿಹ್ನೆಗಳೇ ನೀವು ವ್ಯಾಕರಣದ ಪುಸ್ತಕದಲ್ಲಿ ಹುಡುಕಬೇಕಾದ ಪಟ್ಟಿ. ಪುಸ್ತಕವನ್ನು ಮೊದಲ ಪುಟದಿಂದ ಕೊನೆಯವರೆಗೆ ಓದುತ್ತೇನೆ ಅಂತ ಹೊರಟವರು ನಾಮಪದದ ಅಧ್ಯಾಯದಲ್ಲೇ ನಿಂತುಬಿಡುತ್ತಾರೆ.

ಎರಡು ವರ್ಷದಲ್ಲಿ ಭಾಷೆಯನ್ನು ಹೀಗೆ ಹಿಡಿಯಿರಿ

ನಾಟಕ, ಕವಿತೆ, ವಿಮರ್ಶೆಯ ಬಗ್ಗೆ ನಾನು ಹೇಳಬೇಕಾದ್ದಿಲ್ಲ, ಮಾಸ್ತರರು ಹೇಳುತ್ತಾರೆ. ಒಂದೇ ಒಂದು ಮಾತು: ಮೂಲ ಕೃತಿ ಓದಿ. ಗೈಡ್ ಓದಿ ಪಾಸಾಗಬಹುದು, ಆದರೆ ಗೈಡ್‌ನ ಇಂಗ್ಲಿಷ್ ನಿಮ್ಮ ಇಂಗ್ಲಿಷ್ ಆಗಿಬಿಡುತ್ತದೆ. ಕವಿವಿ ಆವರಣವಾದ ಪಾವಟೆ ನಗರದ ಬಸವನಾಳ ಗ್ರಂಥಾಲಯದಲ್ಲಿ ಕೂತು ಓದಲು ಜಾಗವೂ ಇದೆ, ಪುಸ್ತಕವೂ ಇದೆ.

ಭಾಷೆಯ ಕಡೆ ಬರೋಣ. ನಮ್ಮ ಹುಡುಗರ ಇಂಗ್ಲಿಷ್ ತಪ್ಪುಗಳು ಸುಮ್ಮನೆ ಆಗುವುದಿಲ್ಲ. ಬಹಳಷ್ಟು ತಪ್ಪಿಗೆ ಕನ್ನಡದಲ್ಲಿ ಬೇರು ಇದೆ. ಅದನ್ನು ಗುರುತಿಸುವವರೇ ನಮ್ಮ ಕಡೆ ಒಳ್ಳೆಯ ಇಂಗ್ಲಿಷ್ ಶಿಕ್ಷಕರಾಗುತ್ತಾರೆ.

ಉದಾಹರಣೆಗೆ ‘ಎ’, ‘ದ’ ಎಂಬ ಆರ್ಟಿಕಲ್‌ಗಳು. ಕನ್ನಡದಲ್ಲಿ ಆರ್ಟಿಕಲ್ ಇಲ್ಲ, ಅದಕ್ಕೇ ಕಷ್ಟ ಅಂತ ಎಲ್ಲರೂ ಹೇಳಿ ಬಿಡುತ್ತಾರೆ. ಆದರೆ ಆರ್ಟಿಕಲ್ ಮಾಡುವ ಕೆಲಸ ಕನ್ನಡದಲ್ಲೂ ನಡೆಯುತ್ತದೆ. ‘ನಿನ್ನೆ ಪುಸ್ತಕ ಓದಿದೆ’ ಅನ್ನಿ. ಯಾವುದೋ ಒಂದು ಪುಸ್ತಕ. ‘ನಿನ್ನೆ ಪುಸ್ತಕವನ್ನು ಓದಿದೆ’ ಅನ್ನಿ. ಕೇಳುವವರಿಗೆ ಗೊತ್ತಿರುವ, ಮೊದಲೇ ಮಾತಿಗೆ ಬಂದಿದ್ದ ಆ ಪುಸ್ತಕ. ನಿರ್ಜೀವ ವಸ್ತುವಿಗೆ ‘ಅನ್ನು’ ಹಚ್ಚಿದಾಗ ಅದು ಗೊತ್ತಿರುವ ವಸ್ತುವಿನ ಕಡೆ ವಾಲುತ್ತದೆ. ಎಂಟನೇ ತರಗತಿಯ ಮಕ್ಕಳಿಗೆ ಇಲ್ಲಿಂದ ಶುರು ಮಾಡಿ ನೋಡಿ. ನಿಯಮದ ಪಟ್ಟಿ ಬಾಯಿಪಾಠ ಮಾಡಿಸುವುದಕ್ಕಿಂತ ಬೇಗ ತಲೆಗೆ ಹತ್ತುತ್ತದೆ. ಎಲ್ಲ ಕಡೆ ಕೂಡುವುದಿಲ್ಲ, ಸೂರ್ಯ, ಚಂದ್ರ, ನದಿಯ ಹೆಸರುಗಳ ನಿಯಮ ಬೇರೆಯೇ ಕಲಿಸಬೇಕು. ಆದರೂ ಶುರುವಾತಿಗೆ ಒಳ್ಳೆಯ ಹಿಡಿ.

‘ಐ ಆ್ಯಮ್ ನೋಯಿಂಗ್’, ‘ಐ ಆ್ಯಮ್ ಹ್ಯಾವಿಂಗ್ ಟು ಬ್ರದರ್ಸ್’ ಎಂಬ ವಾಕ್ಯಗಳನ್ನು ನೋಡಿ ನಗುವವರು ಬಹಳ. ಯಾಕೆ ತಪ್ಪು ಅಂತ ಕೇಳಿದರೆ ಎಂಎ ಆದವರೂ ತಡವರಿಸುತ್ತಾರೆ. ಇಂಗ್ಲಿಷ್‌ನಲ್ಲಿ ಕ್ರಿಯೆ ಬೇರೆ, ಸ್ಥಿತಿ ಬೇರೆ. ಓಡುವುದು ಕ್ರಿಯೆ, ಗೊತ್ತಿರುವುದು ಸ್ಥಿತಿ. ಸ್ಥಿತಿ ಹೇಳುವ ಕ್ರಿಯಾಪದಕ್ಕೆ ಸಾಮಾನ್ಯವಾಗಿ ‘ಇಂಗ್’ ಹತ್ತುವುದಿಲ್ಲ. ‘ಹ್ಯಾವಿಂಗ್ ಲಂಚ್’ ಸರಿ, ಅಲ್ಲಿ ಅದು ಕ್ರಿಯೆ. ‘ಹ್ಯಾವಿಂಗ್ ಬ್ರದರ್ಸ್’ ತಪ್ಪು, ಅಣ್ಣತಮ್ಮಂದಿರು ಇರುವುದು ಸ್ಥಿತಿ. ಇಷ್ಟು ಹೇಳಿದರೆ ಮಕ್ಕಳಿಗೆ ಮುಂದಿನ ಹತ್ತು ವಾಕ್ಯ ತಾವೇ ತಿದ್ದಿಕೊಳ್ಳಲು ಬರುತ್ತದೆ.

ಉಚ್ಚಾರಣೆಯಲ್ಲಿ ‘ಇಸ್ಕೂಲ್’, ‘ಇಸ್ಟೇಷನ್’ ಬಗ್ಗೆಯೇ ಎಲ್ಲರ ಗಮನ. ಅದು ಸಣ್ಣದು. ದೊಡ್ಡ ತೊಂದರೆ ಒತ್ತಿನದ್ದು. ಕನ್ನಡದಲ್ಲಿ ಒಂದು ಪದದ ಎಲ್ಲ ಅಕ್ಷರಗಳಿಗೂ ಹೆಚ್ಚುಕಡಿಮೆ ಸಮನಾದ ಒತ್ತು ಬೀಳುತ್ತದೆ. ಇಂಗ್ಲಿಷ್‌ನಲ್ಲಿ ಒಂದು ಅಕ್ಷರ ಎದ್ದು ನಿಲ್ಲುತ್ತದೆ, ಉಳಿದವು ಕುಗ್ಗುತ್ತವೆ. ‘ಫೋಟೊಗ್ರಾಫ್’ನಲ್ಲಿ ಒತ್ತು ಮೊದಲಿನ ‘ಫೋ’ ಮೇಲೆ. ‘ಫೊಟಾಗ್ರಫಿ’ ಅಂದಾಗ ಎರಡನೆಯ ‘ಟಾ’ ಮೇಲೆ. ‘ಫೋಟೊಗ್ರಾಫಿಕ್’ನಲ್ಲಿ ಮೂರನೆಯ ‘ಗ್ರಾ’ ಮೇಲೆ. ಒತ್ತು ತಪ್ಪಿದರೆ ಪ್ರತಿ ಧ್ವನಿ ಸರಿಯಾಗಿದ್ದರೂ ಹೊರಗಿನವರಿಗೆ ತಿಳಿಯುವುದಿಲ್ಲ. ಫೋನಿನ ನಿಘಂಟಿನಲ್ಲಿ ಧ್ವನಿ ಕೇಳಿಸುವ ಗುಂಡಿ ಇರುತ್ತದಲ್ವಾ, ಹೊಸ ಪದ ಬಂದಾಗಲೆಲ್ಲ ಅದನ್ನು ಒತ್ತಿ. ಧ್ವನಿಲಿಪಿ (ನಿಘಂಟಿನಲ್ಲಿ ಉಚ್ಚಾರಣೆ ತೋರಿಸುವ ಲಿಪಿ) ಓದಲು ಕಲಿಯಿರಿ. ಒಂದು ವಾರ ಕೂತರೆ ಬರುತ್ತದೆ, ಪರೀಕ್ಷೆಯಲ್ಲೂ ಅಂಕ ಕೊಡುತ್ತದೆ.

ಆಮೇಲೆ ಕಲಿಸಲು ಶುರು ಮಾಡಿ, ಎಂಎ ಮುಗಿಯುವವರೆಗೆ ಕಾಯಬೇಡಿ. ಧಾರವಾಡದ ಸಪ್ತಾಪುರದ ರೂಮುಗಳಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗರು ತುಂಬಿದ್ದಾರೆ. ಎಲ್ಲರಿಗೂ ಇಂಗ್ಲಿಷ್ ಪೇಪರ್‌ನದ್ದೇ ಚಿಂತೆ. ನಾಲ್ಕು ಜನರನ್ನು ಕೂರಿಸಿಕೊಂಡು ವಾರಕ್ಕೆ ಎರಡು ಸಂಜೆ ವ್ಯಾಕರಣ ಹೇಳಿ. ರಜೆಗೆ ಊರಿಗೆ ಹೋದಾಗ ಸರ್ಕಾರಿ ಶಾಲೆಯ ಮುಖ್ಯಗುರುಗಳನ್ನು ಕೇಳಿ ಒಂದು ವಾರ ಪಾಠ ತೊಗೊಳ್ಳಿ. ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ 2007ರಿಂದ ಒಂದನೇ ತರಗತಿಗೇ ಇಂಗ್ಲಿಷ್ ವಿಷಯ ಬಂದಿದೆ. ಹಳ್ಳಿ ಶಾಲೆಗೆ ಸಹಾಯ ಬೇಕೇ ಇರುತ್ತದೆ. ಪಾಠ ಮುಗಿದ ಮೇಲೆ ಮಕ್ಕಳು ಯಾವ ಪ್ರಶ್ನೆ ಕೇಳಿದರು, ಯಾವುದಕ್ಕೆ ಉತ್ತರ ಹೊಳೆಯಲಿಲ್ಲ ಅಂತ ಬರೆದಿಡಿ. ಸಂದರ್ಶನದಲ್ಲಿ ‘ಅನುಭವ ಏನಾದರೂ ಇದೆಯಾ’ ಅಂದಾಗ ಈ ನೋಟ್‌ಬುಕ್‌ನಿಂದ ಮಾತಾಡಬಹುದು.

ದುಡ್ಡು ಹೊಂದಿಸಬಲ್ಲವರಿಗೆ ಇಂಗ್ಲಿಷ್ ಕಲಿಸಲು ತರಬೇತಿ ಕೊಡುವ ಕೇಂಬ್ರಿಜ್‌ನ ಸೆಲ್ಟಾ ಸರ್ಟಿಫಿಕೇಟ್ ಇದೆ. 120 ಗಂಟೆಯ ಕೋರ್ಸ್, ಅದರಲ್ಲಿ ಆರು ಗಂಟೆ ನಿಜವಾದ ವಿದ್ಯಾರ್ಥಿಗಳ ಮುಂದೆ ಪಾಠ ಮಾಡಬೇಕು. ಗಲ್ಫ್‌ನಲ್ಲಿ, ದೊಡ್ಡ ಭಾಷಾ ಸಂಸ್ಥೆಗಳಲ್ಲಿ ಕಲಿಸುವ ಆಸೆ ಇದ್ದರೆ ಮಾತ್ರ. ನಮ್ಮ ಸರ್ಕಾರಿ ನೇಮಕಾತಿಯಲ್ಲಿ ಬಿಎಡ್ ಬದಲಿಗೆ ಇದನ್ನು ಯಾರೂ ಒಪ್ಪುವುದಿಲ್ಲ.

ನೆಟ್ ಮತ್ತು ಕೆಸೆಟ್

ಇದನ್ನು ಚಿಕ್ಕದಾಗಿ ಮುಗಿಸುತ್ತೇನೆ, ಧಾರವಾಡದಲ್ಲಿ ಇದರ ಬಗ್ಗೆ ಹೇಳುವವರು ಗಲ್ಲಿಗೊಬ್ಬರಿದ್ದಾರೆ. ಎರಡು ಪೇಪರ್, ಒಟ್ಟು 150 ಪ್ರಶ್ನೆ, 300 ಅಂಕ, ಮೂರು ತಾಸು. ನೆಗೆಟಿವ್ ಅಂಕ ಇಲ್ಲ, ಹಾಗಾಗಿ ಒಂದು ಪ್ರಶ್ನೆಯನ್ನೂ ಖಾಲಿ ಬಿಡಬೇಡಿ. ನೆಟ್ ವರ್ಷಕ್ಕೆ ಎರಡು ಸಲ ನಡೆಯುತ್ತದೆ, ದೇಶಕ್ಕೆಲ್ಲ ಸಲ್ಲುತ್ತದೆ. ಕೆಸೆಟ್ ಕರ್ನಾಟಕಕ್ಕೆ ಮಾತ್ರ, 2023ರಿಂದ ಅದನ್ನು ನಡೆಸುವುದು ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ). ಎರಡನ್ನೂ ಬರೆಯಿರಿ. ಮೊದಲ ಪೇಪರ್ ಎಲ್ಲ ವಿಷಯದವರಿಗೂ ಒಂದೇ. ಇಂಗ್ಲಿಷ್‌ನವರು ಅದರಲ್ಲಿನ ಲೆಕ್ಕ, ತರ್ಕಕ್ಕೆ ಹೆದರಿ ಅಲ್ಲೇ ಅಂಕ ಕಳೆದುಕೊಳ್ಳುತ್ತಾರೆ.

ನೆಟ್‌ನ ಇಂಗ್ಲಿಷ್ ಸಿಲೆಬಸ್‌ನಲ್ಲಿ ಹತ್ತು ಘಟಕಗಳಿವೆ. ಅದರಲ್ಲಿ ಒಂದು ಭಾಷೆ ಮತ್ತು ಬೋಧನೆಯದ್ದು, ಇನ್ನೊಂದು ಭಾರತದಲ್ಲಿ ಇಂಗ್ಲಿಷ್ ಬೆಳೆದ ಕಥೆ. ಸಾಹಿತ್ಯವನ್ನೇ ಓದಿದವರು ಬಿಟ್ಟುಬಿಡುವ ಘಟಕಗಳು ಇವೇ. ಭಾಷೆಯ ಕಡೆ ಕೆಲಸ ಮಾಡಿದವರಿಗೆ ಇವು ಸುಲಭವಾಗಿ ಕೈಗೆ ಬರುತ್ತವೆ. ನೆಟ್‌ನಲ್ಲಿ ಮೇಲಿನ ಅಂಕ ಬಂದವರಿಗೆ ಸಿಗುವ ಸಂಶೋಧನಾ ಶಿಷ್ಯವೇತನ ಜೆಆರ್‌ಎಫ್ ಸಿಕ್ಕರೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ. 2023ರ ಜನವರಿಯಿಂದ ಈ ದರ ಬಂದಿದೆ. ಪಿಎಚ್‌ಡಿ ಮಾಡುವ ಮನಸ್ಸಿದ್ದವರು ಎಂಎ ಎರಡನೇ ವರ್ಷದಲ್ಲೇ ಬರೆಯಲು ಶುರು ಮಾಡುವುದು ಲೇಸು, ಜೆಆರ್‌ಎಫ್‌ಗೆ ವಯಸ್ಸಿನ ಮಿತಿ ಇದೆ.

ಕೆಲಸ ಸಿಗುವವರೆಗೆ ಅತಿಥಿ ಉಪನ್ಯಾಸಕ ಹುದ್ದೆ ಅನೇಕರ ದಾರಿ. ಪಾಠದ ಕೈ ಕುದುರಲು ಒಂದೆರಡು ವರ್ಷ ಮಾಡಿ. ಅದರ ಮೇಲೆಯೇ ಮನೆ ಸಂಸಾರದ ಲೆಕ್ಕ ಹಾಕಬೇಡಿ. ರಜೆ ತಿಂಗಳುಗಳಲ್ಲಿ ಕೈ ಖಾಲಿ ಆಗುತ್ತದೆ. ಅದಕ್ಕೇ ಮುಂದಿನ ಭಾಗವನ್ನು, ಪಾಠವೇ ಗುರಿಯಾಗಿದ್ದವರೂ ಓದಿ.

ಪುಸ್ತಕದ ಕೆಲಸ

ಪ್ರಕಾಶನ ಅಂದಕೂಡಲೇ ದೆಹಲಿ, ಬೆಂಗಳೂರು ಅಂತ ಯೋಚಿಸುತ್ತೇವೆ. ನಮ್ಮ ಸುತ್ತ ಏನಿದೆ ಅಂತ ಮೊದಲು ನೋಡಿ. ಧಾರವಾಡದ ಸುಭಾಸ ರಸ್ತೆಯ ಮನೋಹರ ಗ್ರಂಥಮಾಲೆ 1933ರಿಂದ ಪುಸ್ತಕ ತರುತ್ತಿದೆ. ಗದಗಿನ ಕೀರ್ತಿನಾಥ ಕುರ್ತಕೋಟಿ ಗುಜರಾತಿನ ಆಣಂದದಲ್ಲಿ ಇಂಗ್ಲಿಷ್ ಪಾಠ ಹೇಳುತ್ತಾ ಆ ಗ್ರಂಥಮಾಲೆಗೆ ಸಲಹೆ ಕೊಡುತ್ತಿದ್ದರು. ಧಾರವಾಡದಲ್ಲಿ ಬೆಳೆದ ಗಿರೀಶ ಕಾರ್ನಾಡರು 1963ರಿಂದ 1970ರವರೆಗೆ ಮದ್ರಾಸಿನ ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್‌ನಲ್ಲಿ ಕೆಲಸ ಮಾಡಿದರು. ಗದಗ ಬೆಟಗೇರಿಗೆ ಮುದ್ರಣ ಕಾಶಿ ಅನ್ನುವ ಹೆಸರೇ ಇದೆ. ಹುಬ್ಬಳ್ಳಿಯಲ್ಲಿ ಕನ್ನಡ, ಇಂಗ್ಲಿಷ್ ಎರಡೂ ದಿನಪತ್ರಿಕೆಗಳ ಕಚೇರಿಗಳಿವೆ.

ಕೆಲಸ ಕಲಿಯಲು ಮೊದಲು ಒಂದು ಪ್ರೆಸ್ಸಿಗೆ ಹೋಗಿ. ಡಿಟಿಪಿ (ಕಂಪ್ಯೂಟರ್‌ನಲ್ಲಿ ಪುಟ ಜೋಡಿಸುವ ಕೆಲಸ) ಮಾಡುವವರ ಪಕ್ಕ ಕೂತು ನೋಡಿ. ಪ್ರೂಫ್ (ತಿದ್ದಲು ತೆಗೆಯುವ ಕರಡು ಪ್ರತಿ) ಹೇಗೆ ತೆಗೆಯುತ್ತಾರೆ, ಫಾರ್ಮು ಅಂದರೆ ಎಷ್ಟು ಪುಟ, ಒಂದು ಪ್ಯಾರಾ ಉದ್ದವಾದರೆ ಮುಂದಿನ ಪುಟಗಳಿಗೆ ಏನಾಗುತ್ತದೆ ಅಂತ ಕಣ್ಣಾರೆ ನೋಡಿದರೆ, ಕೊನೆಯ ಪ್ರೂಫ್‌ನಲ್ಲಿ ದೊಡ್ಡ ತಿದ್ದುಪಡಿ ಯಾಕೆ ಮಾಡಬಾರದು ಅಂತ ತಾನೇ ತಿಳಿಯುತ್ತದೆ. ಪ್ರೂಫ್ ತಿದ್ದುವ ಚಿಹ್ನೆಗಳನ್ನು ಅಲ್ಲಿಯೇ ಕಲಿಯಬಹುದು.

ಪ್ರೂಫ್ ನೋಡುವುದು ಕೊನೆಯ ಹಂತ. ಅದಕ್ಕಿಂತ ಮೊದಲು ಕಾಪಿ ಎಡಿಟಿಂಗ್ ಬರುತ್ತದೆ. ವ್ಯಾಕರಣ, ಕಾಗುಣಿತ, ವಿರಾಮ ಚಿಹ್ನೆ, ಉಲ್ಲೇಖದ ಕ್ರಮ, ಹೆಸರು, ಇಸವಿ ಎಲ್ಲವೂ ಒಂದೇ ರೀತಿ ಇವೆಯೇ ಅಂತ ನೋಡುವುದು. ಇದಕ್ಕೆ ಸ್ಟೈಲ್ ಶೀಟ್ ಅಂತ ಒಂದು ಹಾಳೆ ಇಡುತ್ತಾರೆ. ನಮ್ಮ ಊರಿನದ್ದೇ ಉದಾಹರಣೆ ತೊಗೊಳ್ಳಿ. ಉತ್ತರ ಕರ್ನಾಟಕದ ಇತಿಹಾಸದ ಒಂದು ಇಂಗ್ಲಿಷ್ ಹಸ್ತಪ್ರತಿ ನಿಮ್ಮ ಕೈಗೆ ಬಂತು ಅನ್ನಿ. ಒಂದು ಪುಟದಲ್ಲಿ ‘ಹುಬ್ಳಿ’, ಇನ್ನೊಂದರಲ್ಲಿ ‘ಹುಬ್ಬಳ್ಳಿ’. ಒಂದು ಕಡೆ ‘ಧಾರವಾರ್’, ಮತ್ತೊಂದು ಕಡೆ ‘ಧಾರವಾಡ್’. ಹುಬ್ಬಳ್ಳಿ, ಬೆಳಗಾವಿ ಎಂಬ ಹೆಸರುಗಳು ಇಂಗ್ಲಿಷ್‌ನಲ್ಲಿ ಅಧಿಕೃತವಾದದ್ದು 2014ರ ನವೆಂಬರ್ 1ರಿಂದ. ಹಾಗಾದರೆ 1930ರ ಘಟನೆ ಹೇಳುವಾಗ ಯಾವ ಹೆಸರು? ಹಳೆಯ ಪತ್ರದ ಉಲ್ಲೇಖದೊಳಗೆ? ಸಂಸ್ಥೆಯ ಹೆಸರಿನಲ್ಲೇ ಹಳೆಯ ರೂಪ ಇದ್ದರೆ? ಉಲ್ಲೇಖದೊಳಗೆ ಮುಟ್ಟಬಾರದು, ಸಂಸ್ಥೆಯ ಹೆಸರನ್ನು ಅವರು ಬರೆಯುವಂತೆಯೇ ಬಿಡಬೇಕು, ಲೇಖಕರ ಸ್ವಂತ ಮಾತಿನಲ್ಲಿ ಮಾತ್ರ ಒಂದೇ ರೂಪ ಇಡಬೇಕು. ಈ ತೀರ್ಮಾನವನ್ನು ಸ್ಟೈಲ್ ಶೀಟ್‌ನಲ್ಲಿ ಬರೆದು ಲೇಖಕರಿಗೆ ತೋರಿಸಿ ಒಪ್ಪಿಗೆ ಪಡೆಯಬೇಕು.

ಇಂಥ ಕಡೆಯಲ್ಲೇ ನಮ್ಮವರಿಗೆ ಮೇಲುಗೈ. ವಚನದ ಸಾಲು ಇಂಗ್ಲಿಷ್ ಲಿಪಿಯಲ್ಲಿ ತಪ್ಪಾಗಿ ಕೂತಿದೆ ಅಂತ, ‘ಳ’ ಇರಬೇಕಾದಲ್ಲಿ ‘ಲ’ ಬಂದಿದೆ ಅಂತ ಕನ್ನಡ ಬಾರದ ಸಂಪಾದಕರಿಗೆ ಗೊತ್ತಾಗುವುದಿಲ್ಲ. ಕನ್ನಡದಿಂದ ಇಂಗ್ಲಿಷ್‌ಗೆ ಬರುವ ಅನುವಾದ, ಕರ್ನಾಟಕದ ಇತಿಹಾಸ, ಜಾನಪದ, ಶಾಲಾ ಪಠ್ಯ ಇವಕ್ಕೆಲ್ಲ ಎರಡೂ ಭಾಷೆ ಬಲ್ಲ ಕಣ್ಣು ಬೇಕು. ಹಾಗಾಗಿ ಇಂಗ್ಲಿಷ್ ಎಂಎ ಸೇರಿದೆ ಅಂತ ಕನ್ನಡ ಓದುವುದನ್ನು ಬಿಡಬೇಡಿ. ವಾರಕ್ಕೊಂದು ಪುಟ ಕನ್ನಡದಿಂದ ಇಂಗ್ಲಿಷ್‌ಗೆ ತನ್ನಿ. ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದಲ್ಲಿರುವ ರಾಷ್ಟ್ರೀಯ ಅನುವಾದ ಮಿಷನ್ ಆಗಾಗ ತರಬೇತಿ ನಡೆಸುತ್ತದೆ, ಅದರ ಪ್ರಕಟಣೆ ಮೇಲೆ ಕಣ್ಣಿಡಿ.

ಕ್ರಮವಾಗಿ ಕಲಿಯಬೇಕೆಂದರೆ ಇಗ್ನೊದಲ್ಲಿ ಪುಸ್ತಕ ಪ್ರಕಾಶನದ ಸ್ನಾತಕೋತ್ತರ ಡಿಪ್ಲೊಮಾ ಇದೆ, ಮನೆಯಿಂದಲೇ ಮಾಡಬಹುದು. ನ್ಯಾಷನಲ್ ಬುಕ್ ಟ್ರಸ್ಟ್ ಅಲ್ಪಾವಧಿ ಕೋರ್ಸ್ ನಡೆಸುತ್ತದೆ. ಕೋಲ್ಕತ್ತದಲ್ಲಿ ಸೀಗಲ್‌ನವರ ಪ್ರಕಾಶನ ಶಾಲೆ ಇದೆ. ಇವೆಲ್ಲ ಇದ್ದರೆ ಒಳ್ಳೆಯದು, ಇಲ್ಲದಿದ್ದರೂ ನಡೆಯುತ್ತದೆ.

ಇಲ್ಲದಿದ್ದರೆ ನಡೆಯದಂಥವು ಎರಡು. ಒಂದು, ವರ್ಡ್‌ನ ಟ್ರ್ಯಾಕ್ ಚೇಂಜಸ್. ತಿದ್ದಿದ್ದೆಲ್ಲ ಲೇಖಕರಿಗೆ ಕಾಣಬೇಕು. ಎರಡು, ಲೇಖಕರಿಗೆ ಪ್ರಶ್ನೆ ಕೇಳುವ ರೀತಿ. ‘ಇದು ತಪ್ಪು’ ಅಂತ ಮಾರ್ಜಿನ್‌ನಲ್ಲಿ ಬರೆದರೆ ಹಿರಿಯ ಲೇಖಕರು ಫೋನ್ ಎತ್ತುವುದನ್ನೇ ಬಿಡುತ್ತಾರೆ. ‘12ನೇ ಪುಟದಲ್ಲಿ 1924 ಅಂತಿದೆ, ಇಲ್ಲಿ 1926 ಅಂತಿದೆ, ಯಾವುದನ್ನು ಇಡೋಣ ಸರ್?’ ಅಂತ ಕೇಳಿ. ತೀರ್ಮಾನ ಅವರದ್ದು.

ಅಭ್ಯಾಸಕ್ಕೆ ಷಿಕಾಗೊ ಮತ್ತು ಎಂಎಲ್‌ಎ (ಮಾಡರ್ನ್ ಲ್ಯಾಂಗ್ವೇಜ್ ಅಸೋಸಿಯೇಷನ್) ಕೈಪಿಡಿಗಳಲ್ಲಿನ ಉಲ್ಲೇಖ ಬರೆಯುವ ಕ್ರಮ ತಿಳಿದಿರಲಿ. ಸಾಹಿತ್ಯದ ಪ್ರಬಂಧಗಳಿಗೆ ಎಂಎಲ್‌ಎ, ಇತಿಹಾಸದ ಪುಸ್ತಕಗಳಿಗೆ ಷಿಕಾಗೊ ಜಾಸ್ತಿ ಬಳಕೆ. ಗ್ರಾಮರ್ಲಿ, ಚಾಟ್‌ಜಿಪಿಟಿ ಬಂದ ಮೇಲೆ ತಿದ್ದುವವರು ಯಾಕೆ ಬೇಕು ಅಂತ ಕೇಳುತ್ತಾರೆ. ಸಣ್ಣಪುಟ್ಟ ಪ್ರೂಫ್ ಕೆಲಸ ಕಡಿಮೆಯಾಗುತ್ತಿರುವುದು ನಿಜ. ಆದರೆ ಯಂತ್ರ ವಾಕ್ಯವನ್ನು ನುಣುಪು ಮಾಡುವ ಭರದಲ್ಲಿ ಅರ್ಥವನ್ನೇ ಬದಲಿಸಿಬಿಡುತ್ತದೆ, ಇಲ್ಲದ ಉಲ್ಲೇಖ ಸೇರಿಸುತ್ತದೆ. ಅದನ್ನು ಹಿಡಿಯಲು ಕಾರಣ ಸಮೇತ ಭಾಷೆ ಗೊತ್ತಿರುವವರೇ ಬೇಕು. ಕೆಂಪು ಪೆನ್ನಿನ ಅಭ್ಯಾಸ ಇಲ್ಲಿ ಉಪಯೋಗಕ್ಕೆ ಬರುತ್ತದೆ.

ಊರಲ್ಲೇ ಇದ್ದು ಮೊದಲ ಗಳಿಕೆ

ಧಾರವಾಡದಲ್ಲಿ ಎಂಎ ಓದುವವರಿಗೆ ಮೊದಲು ಸಿಗುವ ಕೆಲಸ ಪಿಎಚ್‌ಡಿ ಪ್ರಬಂಧಗಳ ಇಂಗ್ಲಿಷ್ ತಿದ್ದುವುದು. ವಿಶ್ವವಿದ್ಯಾಲಯದ ಊರು, ಸಂಶೋಧಕರು ಬಹಳ. ತಿದ್ದಿ ಕೊಡಿ, ಬರೆದು ಕೊಡಬೇಡಿ. ‘ಸ್ವಲ್ಪ ನೀವೇ ಸೇರಿಸಿಬಿಡ್ರಿ’ ಅಂತ ಶುರುವಾಗಿ ಇಡೀ ಅಧ್ಯಾಯ ಬರೆಯುವಲ್ಲಿಗೆ ಹೋಗುತ್ತದೆ. ಅದು ಅವರ ಪದವಿಗೂ ಅಪಾಯ, ನಿಮ್ಮ ಹೆಸರಿಗೂ ಅಪಾಯ. ಭಾಷೆ ಮಾತ್ರ ನೋಡುತ್ತೇನೆ, ವಿಷಯ ನಿಮ್ಮದು ಅಂತ ಮೊದಲೇ ಹೇಳಿ. ಮಾರ್ಗದರ್ಶಕರಿಗೆ ಗೊತ್ತಿದೆಯೇ ಅಂತಲೂ ಕೇಳಿ.

ದರ ಹೇಳುವ ಮೊದಲು ಐದು ಪುಟ ಮಾದರಿಗೆ ತಿದ್ದಿ ನೋಡಿ. ಎಷ್ಟು ಹೊತ್ತು ಹಿಡಿಯಿತು ಅಂತ ಗಡಿಯಾರ ನೋಡಿಕೊಳ್ಳಿ. ಅದರ ಮೇಲೆ ದರ ಹಾಕಿ. ಪುಟದ ಲೆಕ್ಕದಲ್ಲಿ ಮಾತಾಡಿದರೆ ಅಕ್ಷರ ಸಣ್ಣದು ಮಾಡಿ, ಸಾಲು ಒತ್ತಿ ತರುವವರಿದ್ದಾರೆ. ಪದಗಳ ಲೆಕ್ಕದಲ್ಲಿ ಮಾತಾಡುವುದು ಒಳ್ಳೆಯದು. ಅರ್ಧ ಹಣ ಮುಂಚೆ, ಉಳಿದದ್ದು ಫೈಲ್ ಕೊಡುವ ಮೊದಲು. ಎಷ್ಟು ಪದ, ಯಾವ ತಾರೀಖು, ಎಷ್ಟು ಸಲ ತಿದ್ದಿ ಕೊಡುತ್ತೀರಿ ಅನ್ನುವುದನ್ನು ವಾಟ್ಸ್‌ಆ್ಯಪ್‌ನಲ್ಲಾದರೂ ಬರೆದು ಒಪ್ಪಿಗೆ ತೊಗೊಳ್ಳಿ. ಪರಿಚಯದವರ ಹತ್ತಿರ ಇದೆಲ್ಲ ಹೇಗೆ ಕೇಳುವುದು ಅನಿಸುತ್ತದೆ. ಪರಿಚಯದವರ ಹತ್ತಿರವೇ ಕೇಳಬೇಕು, ದುಡ್ಡು ನಿಲ್ಲುವುದು ಅಲ್ಲಿಯೇ.

ಪುಸ್ತಕದ ಕೆಲಸ ಮಾಡಿದರೆ ಅಚ್ಚಾದ ಮೇಲೆ ಎರಡು ಪ್ರತಿ ಕೇಳಿ ತೊಗೊಳ್ಳಿ, ಒಳಪುಟದಲ್ಲಿ ಸಂಪಾದನೆಗೆ ನಿಮ್ಮ ಹೆಸರು ಹಾಕಲು ಮೊದಲೇ ಮಾತಾಡಿ. ಲೇಖಕರು ತಾವೇ ಪ್ರಕಟಿಸುತ್ತಿದ್ದರೆ ಪುಸ್ತಕದ ಗುರುತಿನ ಸಂಖ್ಯೆಯಾದ ಐಎಸ್‌ಬಿಎನ್‌ಗೆ ಅರ್ಜಿ ಹಾಕಲು ನೀವೇ ನೆರವಾಗಿ. ಭಾರತದಲ್ಲಿ ಅದನ್ನು ರಾಜಾ ರಾಮಮೋಹನ ರಾಯ್ ಹೆಸರಿನ ಸರ್ಕಾರಿ ಏಜೆನ್ಸಿ ಉಚಿತವಾಗಿ ಕೊಡುತ್ತದೆ. ಅದಕ್ಕೂ ದುಡ್ಡು ಕೇಳುವವರು ಸಿಕ್ಕರೆ ಲೇಖಕರಿಗೆ ಈ ವಿಷಯ ತಿಳಿಸಿ. ಬೆಂಗಳೂರು, ಚೆನ್ನೈ ಕಡೆಯ ಪ್ರಕಾಶಕರಿಗೆ ಅರ್ಜಿ ಹಾಕುವಾಗ ಆ ಪುಸ್ತಕದ ಎರಡು ಪುಟ, ತಿದ್ದುವ ಮೊದಲಿನದ್ದು ಮತ್ತು ತಿದ್ದಿದ ಮೇಲಿನದ್ದು, ಲೇಖಕರ ಒಪ್ಪಿಗೆ ಪಡೆದು ಜೊತೆಗೆ ಕಳಿಸಿ.